ಮೊದಲು ಅಲ್ಲಿನವರನ್ನು ಕೇಳಿ

ನಮಸ್ಕಾರ ಕೇಳುಗರೇ. ಒಂದು ದೇಶದ ಕಂಪನಿ ಇನ್ನೊಂದು ದೇಶದ ಕಂಪನಿಯನ್ನು ಕೊಂಡಿತು ಅಂತ ಸುದ್ದಿ ಬಂದರೆ ಎಲ್ಲರೂ ಕೇಳುವುದು, ಎಷ್ಟು ಕೋಟಿಗೆ? ನಾನು ಕೇಳುವುದೇ ಬೇರೆ. ಅಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವವರ ಮಾತನ್ನು ಯಾರಾದರೂ ಕೇಳಿಸಿಕೊಂಡರಾ? ಕೇಳಿಸಿಕೊಂಡರೆ ಕೊಂಡದ್ದು ದಕ್ಕುತ್ತದೆ. ಇಲ್ಲದಿದ್ದರೆ ಕೈಬಿಡುತ್ತದೆ.

ಅಮೆರಿಕದ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಕಾಲಿಟ್ಟಿತು. ಅಲ್ಲಿನ ವೆರ್ಟ್‌ಕೌಫ್ ಮಳಿಗೆಗಳನ್ನು ಕೊಂಡಿತು. ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆಗಳನ್ನೂ ಕೊಂಡಿತು. ದುಡ್ಡಿಗೇನೂ ಕೊರತೆ ಇರಲಿಲ್ಲ. ಆದರೆ ಅಮೆರಿಕದಿಂದ ಬಂದ ಮೊದಲ ಮುಖ್ಯಸ್ಥರಿಗೆ ಜರ್ಮನ್ ಬರುತ್ತಿರಲಿಲ್ಲ. ಆಡಳಿತದ ಮಾತೆಲ್ಲ ಇಂಗ್ಲಿಷಿನಲ್ಲೇ ಆಗಬೇಕು ಎಂದಾಯಿತು. ಅಂಗಡಿಯ ಒಳಹೊರಗು ಬಲ್ಲವರ ಮಾತು ಮೇಲಕ್ಕೆ ಹೋಗುವುದಾದರೂ ಹೇಗೆ? ಗಿರಾಕಿಗೆ ನಗುನಗುತ್ತಾ ಸ್ವಾಗತ ಹೇಳಬೇಕು, ಸಾಮಾನನ್ನು ಸಿಬ್ಬಂದಿಯೇ ಚೀಲಕ್ಕೆ ತುಂಬಬೇಕು ಅಂತ ನಿಯಮ ಬಂತು. ಅಲ್ಲಿನವರಿಗೆ ಇದು ಇರಿಸುಮುರಿಸು. ತಾವು ಕೊಂಡ ಸಾಮಾನನ್ನು ಬೇರೆಯವರು ಮುಟ್ಟುವುದು ಅವರಿಗೆ ಹಿಡಿಸಲಿಲ್ಲ.

ಇನ್ನು ದಿಂಬಿನ ಕವರ್ ವಿಷಯ. ಇದನ್ನು ನಾನು ಹೇಳದೆ ಬಿಡುವುದೇ ಇಲ್ಲ! ಅಂಗಡಿಗೆ ಬಂದದ್ದು ಅಮೆರಿಕದ ಅಳತೆಯ ಉದ್ದನೆ ಕವರ್. ಜರ್ಮನ್ ಮನೆಗಳ ದಿಂಬು 80 ಸೆಂಟಿಮೀಟರಿನ ಚೌಕ. ತೂರಿಸುವುದು ಎಲ್ಲಿಂದ? ಕವರ್‌ಗಳು ರಾಶಿ ಬಿದ್ದವು. ಇದಕ್ಕೆ ದೊಡ್ಡ ತಜ್ಞರು ಬೇಕಾ ಹೇಳಿ? ಹಾಸಿಗೆ ಬಟ್ಟೆ ಮಾರುವ ಹುಡುಗಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೊನೆಗೆ 2006ರಲ್ಲಿ 85 ಮಳಿಗೆಗಳನ್ನು ಅಲ್ಲಿನ ಮೆಟ್ರೋ ಕಂಪನಿಗೆ ಮಾರಿ ಹೊರಟರು. ನಷ್ಟ ಸುಮಾರು 100 ಕೋಟಿ ಡಾಲರ್.

ಜರ್ಮನಿಯ ಕಾರು ಕಂಪನಿ ಡೈಮ್ಲರ್ ಮತ್ತು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ಕತೆಯೂ ಇದೇ. 1998ರಲ್ಲಿ ಸರಿಸಮಾನರ ಕೂಡಿಕೆ ಅಂತ ಸಾರಿದರು. ಆಗ ಅದರ ಬೆಲೆ ಸುಮಾರು 3,600 ಕೋಟಿ ಡಾಲರ್. ಒಳಗೆ ಜರ್ಮನ್ನರೇ ಯಜಮಾನರಾದರು. 2007ರಲ್ಲಿ ಕ್ರೈಸ್ಲರ್‌ನ ಶೇಕಡಾ 80ರಷ್ಟು ಪಾಲು 740 ಕೋಟಿ ಡಾಲರಿಗೆ ಹೋಯಿತು.

ಇದಕ್ಕೆ ತದ್ವಿರುದ್ಧ ಚೀನಾದ ಕಾರು ಕಂಪನಿ ಗೀಲಿ. 2010ರಲ್ಲಿ ಫೋರ್ಡ್‌ನಿಂದ ವೋಲ್ವೊ ಕಾರು ಕಂಪನಿಯನ್ನು ಕೊಂಡಿತು. ಮುಖ್ಯ ಕಚೇರಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲೇ ಉಳಿಯಿತು. ಕಾರು ಹೇಗಿರಬೇಕು ಅನ್ನುವುದನ್ನು ಅಲ್ಲಿನ ಎಂಜಿನಿಯರುಗಳಿಗೇ ಬಿಟ್ಟರು, ಹೊಸ ಮಾದರಿಗಳಿಗೆ ಬೇಕಾದ ಹಣ ಕೊಟ್ಟರು. 2019ರಲ್ಲಿ ವೋಲ್ವೊ 7 ಲಕ್ಷಕ್ಕೂ ಜಾಸ್ತಿ ಕಾರು ಮಾರಿತು. ಕೊಂಡ ವರ್ಷಕ್ಕೆ ಹೋಲಿಸಿದರೆ ಹತ್ತಿರಹತ್ತಿರ ಎರಡರಷ್ಟು. ಅಲ್ಲಿನವರ ಮಾತು ಕೇಳಿಸಿಕೊಂಡದ್ದರ ಫಲ ಇದು, ಅಲ್ವಾ?

ಸಾಲ, ತೆರಿಗೆ, ಕರೆನ್ಸಿಯ ಏರಿಳಿತದ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಸಮಯ ಮುಗಿಯಿತು. ನಿಮ್ಮಲ್ಲಿ ಯಾರಾದರೂ ಹೊರದೇಶದ ಕಂಪನಿ ಕೊಳ್ಳುವ ಮಾತುಕತೆಯಲ್ಲಿದ್ದರೆ, ಸಹಿ ಹಾಕುವ ಮುಂಚೆ ಎರಡು ದಿನ ಅಲ್ಲಿಗೆ ಹೋಗಿ. ಅಲ್ಲಿನ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೌಂಟರಿನಲ್ಲಿ ನಿಂತವರ ಹತ್ತಿರ, ಮಷಿನ್ ಮುಂದೆ ಕೂತವರ ಹತ್ತಿರ ಮಾತಾಡಿ. ನಮಸ್ಕಾರ.