ಮಳಖೇಡದ ಸಂಖ್ಯೆಯ ಹಾರ

ಕೇಳುಗರೇ, ನಮಸ್ಕಾರ. ಒಂದು ಹಾಳೆ, ಒಂದು ಪೆನ್ಸಿಲ್ಲು ತಗೊಳ್ಳಿ. ರೊಟ್ಟಿ ಬಡಿಯುತ್ತಿದ್ದರೆ ಬಿಡಿ, ಸುಮ್ನೆ ಕೇಳಿದರೂ ಸಾಕು.

ಬರೆಯಿರಿ: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಈಗ ಇಳಿಯಿರಿ: ಐದು, ನಾಲ್ಕು, ಮೂರು, ಎರಡು, ಒಂದು. 12345654321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. 'ವಿಕಟಕವಿ' ಇದ್ದ ಹಾಗೆ, ಯಾವ ಕಡೆಯಿಂದ ಓದಿದರೂ ಒಂದೇ.

ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದರೆ ದಾರಿಯಲ್ಲಿ ಮಳಖೇಡ ಸಿಗುತ್ತದೆ. ಕಾಗಿಣಾ ದಂಡೆಯ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಗುಣಾಕಾರ ಹೇಳಿಕೊಡುವಾಗ ಅವರು ಕೊಟ್ಟ ಲೆಕ್ಕಗಳಲ್ಲಿ ಇದೂ ಒಂದು: 27994681ನ್ನು 441ರಿಂದ ಗುಣಿಸಿ. ಉತ್ತರ, ನಮ್ಮ ಹಾಳೆಯ ಮೇಲಿನ ಸಂಖ್ಯೆ! ಹೀಗೆ ಚೆಂದವಾಗಿ ಬರುವ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಮಕ್ಕಳಿಗೆ ಬರೀ ಮಗ್ಗಿ ಉರು ಹೊಡೆಸುವ ನಮ್ಮಂಥ ಮೇಷ್ಟ್ರುಗಳಿಗಿಂತ ಜಾಣರು, ಅಲ್ವಾ?

ಹಾರದ ಗುಟ್ಟು ಬೇರೆ ಕಡೆ ಇದೆ. 111111ನ್ನು 111111ರಿಂದಲೇ ಗುಣಿಸಿ. ಸಾಲು ಸಾಲಾಗಿ ಆರು ಸಲ ಅದೇ 111111 ಬರೆಯುತ್ತೀರಿ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ. ಹಾಳೆಯ ಮೇಲೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಈಗ ಬಲಗಡೆಯಿಂದ ಕೂಡಿಸಿ. ಮೊದಲ ಮನೆಯಲ್ಲಿ ಒಂದೇ ಒಂದು. ಎರಡನೆಯದರಲ್ಲಿ ಎರಡು. ಆರನೆಯ ಮನೆಯಲ್ಲಿ ಆರು ಒಂದುಗಳು ತುಂಬುತ್ತವೆ. ಆಮೇಲೆ ಸಾಲುಗಳು ಮುಗಿಯುತ್ತಾ ಬರುತ್ತವೆ, ಐದು, ನಾಲ್ಕು, ಮೂರು. ಎಲ್ಲೂ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ಇದು ಪೂರ್ಣವರ್ಗ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ನಮ್ಮ ಹಾರದಲ್ಲಿ ಪ್ರತಿಯೊಂದೂ ಎರಡೆರಡು ಸಲ. ಆಚಾರ್ಯರ 441ರಲ್ಲಿ 3 ಮತ್ತು 7 ಇವೆ, ಉಳಿದ ಮೂರು ಇನ್ನೊಂದು ಕಡೆ. ಭಾಜಕಗಳು ಒಟ್ಟು 243. ಭಾಜಕಗಳು ಜೋಡಿ ಜೋಡಿಯಾಗಿ ಬರುತ್ತವಲ್ಲ, ಮತ್ತೆ ಬೆಸ ಹೇಗಾಯಿತು? 111111ಕ್ಕೆ ಜೋಡಿ ಅದೇ, ಅದಕ್ಕೆ. ಅಂಕೆಗಳನ್ನೆಲ್ಲ ಕೂಡಿಸಿದರೆ 36, ಅದೂ ವರ್ಗವೇ.

ಒಂದುಗಳನ್ನು ಹೆಚ್ಚಿಸುತ್ತಾ ಹೋಗಿ. ಒಂಬತ್ತಕ್ಕೆ 12345678987654321, ಹಾರ ಗಟ್ಟಿಯಾಗಿದೆ. ಹತ್ತು ಒಂದುಗಳಿಗೆ ನಡುವಿನ ಮನೆಯಲ್ಲಿ ಹತ್ತು ಬಂತು, ಕೈಯಲ್ಲಿ ಒಂದು ಉಳಿಯಿತು. ಉತ್ತರ 1234567900987654321. ನಡುವೆ ಎರಡು ಸೊನ್ನೆ ನುಸುಳಿ ದಾರ ಹರಿದೇ ಹೋಯಿತು.