ಟಾರ್ಪಿಡೊ ಬರುವ ಆ ಮೂರು ನಿಮಿಷ

ಕೇಳುಗರೆ, ನಮಸ್ಕಾರ.

ಕ್ಷಿಪಣಿ ಬಂದರೆ ರಾಡಾರಿಗೆ ಕಾಣುತ್ತದೆ. ನೀರಿನೊಳಗೇ ಓಡಿಬಂದು ಸಿಡಿಯುವ ಟಾರ್ಪಿಡೊ ಕಾಣುವುದಿಲ್ಲ, ಕಿವಿಗೆ ಬೀಳಬೇಕು. 50 ನಾಟ್ ವೇಗದ ಟಾರ್ಪಿಡೊ ಗಂಟೆಗೆ ಸುಮಾರು 93 ಕಿಲೋಮೀಟರ್ ಓಡುತ್ತದೆ. ಐದು ಕಿಲೋಮೀಟರ್ ದಾಟಲು ಅದಕ್ಕೆ ಮೂರು ನಿಮಿಷ ಚಿಲ್ಲರೆ ಸಾಕು. ಅದು ಹಡಗಿನ ಪಕ್ಕೆಗೇ ಬಡಿಯಬೇಕೆಂದಿಲ್ಲ. ಅಡಿಯಲ್ಲಿ ಸಿಡಿದರೆ, ಉಬ್ಬಿ ಕುಗ್ಗುವ ಗಾಳಿಗುಳ್ಳೆಯೇ ಹಡಗಿನ ಬೆನ್ನು ಮುರಿಯುತ್ತದೆ. 2010ರ ಮಾರ್ಚ್ 26ರಂದು ದಕ್ಷಿಣ ಕೊರಿಯಾದ ಯುದ್ಧನೌಕೆ ಚಿಯೊನಾನ್ ಎರಡು ತುಂಡಾಗಿ ಮುಳುಗಿತು, 46 ನಾವಿಕರು ಸತ್ತರು. ಉತ್ತರ ಕೊರಿಯಾದ ಟಾರ್ಪಿಡೊದಿಂದ ಹೀಗೇ ಆಗಿದ್ದೆಂದು ಹಲವು ದೇಶಗಳ ತಜ್ಞರಿದ್ದ ತನಿಖಾ ತಂಡ ಹೇಳಿತು. ಉತ್ತರ ಕೊರಿಯಾ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತದೆ.

ಇದರಿಂದ ಪಾರಾಗುವ ಹಳೇ ಉಪಾಯ ಮೋಸ. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸಬ್‌ಮರೀನ್‌ಗಳು ಪ್ರೊಪೆಲರ್ ಸದ್ದನ್ನೇ ಹುಡುಕಿಕೊಂಡು ಬರುವ ಟಾರ್ಪಿಡೊಗಳನ್ನು ಅಟ್ಲಾಂಟಿಕ್‌ನಲ್ಲಿ ಬಿಟ್ಟವು. ಕೆನಡಾದ ನೌಕಾಪಡೆ ಏನು ಮಾಡಿತು ಗೊತ್ತಾ? ಎರಡು ಲೋಹದ ಪೈಪುಗಳನ್ನು ಜೋಡಿಸಿ ಹಡಗಿನ ಹಿಂದೆ ದೂರಕ್ಕೆ ಕಟ್ಟಿ ಎಳೆಯಿತು. ನೀರಿನ ರಭಸಕ್ಕೆ ಪೈಪುಗಳು ಒಂದಕ್ಕೊಂದು ಬಡಿದು ವಿಪರೀತ ಗಲಾಟೆ. ಟಾರ್ಪಿಡೊ ಹಡಗನ್ನು ಬಿಟ್ಟು ಪೈಪಿನ ಬೆನ್ನು ಹತ್ತುತ್ತಿತ್ತು. ಅದೇ ಗದ್ದಲಕ್ಕೆ, ನೀರೊಳಗಿನ ಸದ್ದು ಕೇಳುವ ಹಡಗಿನ ಸೋನಾರ್ ಕೂಡ ಕಿವುಡಾಗುತ್ತಿತ್ತು, ಅದು ಬೇರೆ ಮಾತು.

ಅಮೆರಿಕದ ನಿಕ್ಸಿ ಇದೇ ಉಪಾಯದ ಎಲೆಕ್ಟ್ರಾನಿಕ್ ರೂಪ. 2020ರಲ್ಲಿ ಭಾರತದ ನೌಕಾಪಡೆ ಸೇರಿದ ಮಾರೀಚ್ ಎಂಬ ಟಾರ್ಪಿಡೊ ತಡೆಯುವ ವ್ಯವಸ್ಥೆಯಲ್ಲೂ ಹಡಗು ಎಳೆದೊಯ್ಯುವ ಇಂಥದೇ ಮಾಯಾಜಿಂಕೆ ಇದೆ.

ಆದರೆ ಪ್ರೊಪೆಲರ್ ಸದ್ದಿಗೆ ಕಿವಿಯನ್ನೇ ಕೊಡದ ಟಾರ್ಪಿಡೊಗಳೂ ಇವೆ. ಸೋವಿಯತ್ ರಷ್ಯಾ ಇವನ್ನು ಜಾಸ್ತಿ ನೆಚ್ಚಿಕೊಂಡಿತ್ತು. ಹಡಗು ಹೋದ ದಾರಿಯಲ್ಲಿ ನೊರೆಗುಳ್ಳೆಗಳ ಪಟ್ಟಿಯೊಂದು ಬಹಳ ಹೊತ್ತು ಉಳಿಯುತ್ತದಲ್ವಾ? ಟಾರ್ಪಿಡೊ ಅದರ ಕೆಳಗೆ ಬಂದು ಮೇಲೆ ನೋಡುತ್ತದೆ. ಗುಳ್ಳೆ ಮುಗಿಯಿತೆಂದರೆ ತಿರುಗುತ್ತದೆ, ಮತ್ತೆ ಒಳಗೆ, ಮತ್ತೆ ಹೊರಗೆ. ಹಾವಿನಂತೆ ಹರಿದು ಸೀದಾ ಹಡಗಿಗೇ ಬರುತ್ತದೆ. ಇದರ ಮುಂದೆ ಸುಮ್ನೆ ಗದ್ದಲ ಮಾಡಿ ಫಲವಿಲ್ಲ.

ಹಾಗಾಗಿ ಟಾರ್ಪಿಡೊವನ್ನು ಇನ್ನೊಂದು ಪುಟ್ಟ ಟಾರ್ಪಿಡೊದಿಂದಲೇ ಹೊಡೆಯುವ ಯೋಚನೆ ಬಂತು. ಅಮೆರಿಕ 2013ರಲ್ಲಿ ಜಾರ್ಜ್ ಎಚ್. ಡಬ್ಲ್ಯು. ಬುಷ್ ವಿಮಾನವಾಹಕ ನೌಕೆಯ ಮೇಲೆ ಅದನ್ನು ಪರೀಕ್ಷಿಸಿತು. ಇನ್ನೂ ಕೆಲವು ನೌಕೆಗಳಿಗೂ ಕೂಡಿಸಿತು. 2018ರಲ್ಲಿ ಕೆಲಸ ನಿಲ್ಲಿಸಿ, ಕೂಡಿಸಿದ್ದನ್ನೆಲ್ಲ ಬಿಚ್ಚಲು ತೀರ್ಮಾನಿಸಿತು. ಅಲ್ಲಿನ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ ವರದಿಗಳಲ್ಲಿ ಎರಡು ದೂರು ಎದ್ದು ಕಾಣುತ್ತವೆ. ಒಂದು, ಸುಳ್ಳು ಎಚ್ಚರಿಕೆ. ಇನ್ನೊಂದು, ಆ ಪುಟ್ಟ ಟಾರ್ಪಿಡೊ ಎಷ್ಟು ನಂಬಿಕಸ್ಥ ಎಂಬುದೇ ಖಚಿತವಾಗಿರಲಿಲ್ಲ.

ನನ್ನ ಕೇಳಿದರೆ, ಮೊದಲನೆಯ ದೂರೇ ದೊಡ್ಡದು. ಹಡಗಿನ ಹಿಂಬದಿಯಲ್ಲಿ ಅದರದೇ ಪ್ರೊಪೆಲರ್ ಸದ್ದು ತುಂಬಿರುತ್ತದೆ. ಅದಕ್ಕೇ ಹೈಡ್ರೋಫೋನ್‌ಗಳ, ಅಂದರೆ ನೀರೊಳಗಿನ ಮೈಕ್‌ಗಳ, ಉದ್ದನೆಯ ಕೇಬಲ್ಲನ್ನು ದೂರಕ್ಕೆ ಬಿಟ್ಟು ಎಳೆಯುತ್ತಾರೆ. ಒಂದೇ ಎಳೆಯ ಕೇಬಲ್ಲಿಗೆ ಸದ್ದು ಎಡದ್ದೋ ಬಲದ್ದೋ ತಿಳಿಯದು. ತಿಳಿಯಬೇಕಾದರೆ ಹಡಗು ತಿರುಗಬೇಕು. ತಿರುಗಿದರೆ ಕೇಬಲ್ ಬಾಗಿ, ಅಳತೆ ಕೆಡುತ್ತದೆ. ಅದು ನೇರವಾಗುವವರೆಗೆ ಕಾಯಬೇಕು. ಇರುವುದೇ ಮೂರು ನಿಮಿಷ! ಎರಡು ಮೂರು ಎಳೆಗಳನ್ನು ಜೊತೆಗಿಟ್ಟು ಎಡ-ಬಲ ಬೇರ್ಪಡಿಸುವ ಕೇಬಲ್‌ಗಳು ಬಂದಿವೆ. ಜರ್ಮನಿ ಸೀಸ್ಪೈಡರ್ ಎಂಬ ಪ್ರತಿ-ಟಾರ್ಪಿಡೊ ತಯಾರಿಗೆ ಇಳಿಯಿತು, ರಷ್ಯಾದ ಹಡಗುಗಳಲ್ಲಿ ಪಾಕೆಟ್ ಎಂಬ ಇಂಥದೇ ವ್ಯವಸ್ಥೆ ಇದೆ. ಯಾವುದನ್ನೇ ಹಾರಿಸುವ ಮೊದಲೂ, ಆ ಸದ್ದು ಟಾರ್ಪಿಡೊದ್ದೇ ಎಂದು ಯಾರಾದರೂ ಧೈರ್ಯವಾಗಿ ಹೇಳಬೇಕಲ್ಲ.