ಎಕ್ಕಿ ಗಿಡದ ಮಿಡತೆ ಯಾಕೆ ಅಡಗಿಕೊಳ್ಳಲ್ಲ?

(ದೃಶ್ಯ: ಗಂಗಾವತಿ–ಆನೆಗೊಂದಿ ರಸ್ತೆ, ಪಕ್ಕದಲ್ಲಿ ಎಕ್ಕಿ ಗಿಡ)

ನಮಸ್ಕಾರ. ಆಂಜನೇಯನಿಗೆ ಹಾರ ಹಾಕುತ್ತಾರಲ್ಲ, ಅದೇ ಎಕ್ಕಿ ಗಿಡ ಇದು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಹಸಿ ಎಕ್ಕಿ ಎಲೆಗೆ ಆಡು ಬಾಯಿ ಹಾಕುವುದು ಅಪರೂಪ. ಇದರ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ.

(ಹತ್ತಿರದ ದೃಶ್ಯ: ಎಲೆ ಮೇಲೆ ಮಿಡತೆ)

ಈಗ ಇದನ್ನು ನೋಡಿ. ಹಳದಿ ಮೈ, ನೀಲಿ ಪಟ್ಟೆ. ಬೇರೆ ಮಿಡತೆಗಳು ಹುಲ್ಲಿನ ಬಣ್ಣದಲ್ಲಿ ಅಡಗುತ್ತವೆ. ಇದು ಬಿಸಿಲಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಧಾನವಾಗಿ ಮೇಯುತ್ತದೆ. ಎಕ್ಕಿಯ ವಿಷ ತಿಂದು ಮೈಯಲ್ಲೇ ಕೂಡಿಟ್ಟುಕೊಂಡಿದೆ. ಇದರ ಮರಿಯನ್ನು ಕೆಣಕಿದರೆ ಪಿಚಕಾರಿ ಹಾಗೆ ರಸ ಚಿಮ್ಮಿಸುತ್ತದೆ!

ವಿಷ ಇದ್ದರೆ ಸಾಕಲ್ವಾ, ಬಣ್ಣ ಯಾಕೆ?

ಈ ಪ್ರಶ್ನೆ ಡಾರ್ವಿನ್‌ಗೂ ಕಾಡಿತ್ತು. ಗಂಡು ಹಕ್ಕಿಯ ಬಣ್ಣ ಹೆಣ್ಣನ್ನು ಒಲಿಸೋಕೆ, ಸರಿ. ಆದರೆ ಚಿಟ್ಟೆಯ ಹುಳು ಇನ್ನೂ ಜೋಡಿ ಹುಡುಕುವ ವಯಸ್ಸಿಗೇ ಬಂದಿಲ್ಲ. ಅದಕ್ಕೆ ಇಷ್ಟು ಬಣ್ಣ ಯಾಕೆ? 1867ರಲ್ಲಿ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ವ್ಯಾಲೇಸ್ ಉತ್ತರ ಕೊಟ್ಟರು. ಹುಳುವಿನ ಚರ್ಮ ತೆಳು. ಹಕ್ಕಿ ಒಮ್ಮೆ ಕುಕ್ಕಿದರೂ ಹುಳು ಸಾಯಬಹುದು. ಕಹಿ ಅಂತ ಆಮೇಲೆ ಉಗುಳಿದರೆ ಹುಳುವಿಗೆ ಏನು ಬಂತು? ಕುಕ್ಕುವ ಮೊದಲೇ ಗೊತ್ತಾಗಬೇಕು. ಅದಕ್ಕೇ ಬಣ್ಣ. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಯೋಚನೆ ಇದು.

ಹಾಗಂತ ಎಲ್ಲಾ ಹಕ್ಕಿಗೂ ಇದು ಹುಟ್ಟಿನಿಂದಲೇ ಗೊತ್ತಿರಲ್ಲ. ಎಷ್ಟೋ ಹಕ್ಕಿಗಳು ಒಮ್ಮೆ ತಿಂದು, ವಾಂತಿ ಮಾಡಿ ಕಲಿಯುತ್ತವೆ. ಮಾಸಲು ಬಣ್ಣಕ್ಕಿಂತ ಎದ್ದು ಕಾಣುವ ಬಣ್ಣ ಬೇಗ ನೆನಪಲ್ಲಿ ಉಳಿಯುತ್ತದೆ.

(ದೃಶ್ಯ: ಕಿತ್ತಳೆ ಬಣ್ಣದ ಚಿಟ್ಟೆ)

ಇದು ಪ್ಲೇನ್ ಟೈಗರ್. ಇದರ ಹುಳುವೂ ಎಕ್ಕಿ ಎಲೆಯನ್ನೇ ತಿನ್ನುತ್ತದೆ. ಡನೈಡ್ ಎಗ್‌ಫ್ಲೈ ಅನ್ನೋ ಇನ್ನೊಂದು ಚಿಟ್ಟೆಯ ಹೆಣ್ಣು ಇದರದೇ ವೇಷ ಹಾಕುತ್ತದೆ. ಅದರಲ್ಲಿ ಈ ವಿಷ ಇಲ್ಲ, ಆದರೂ ಹಕ್ಕಿ ದೂರ ಇರುತ್ತದೆ. ಗಂಡಿಗೆ ಈ ವೇಷ ಇಲ್ಲ, ಅದು ಕಪ್ಪು ರೆಕ್ಕೆಯ ಮೇಲೆ ಬಿಳಿ ಮಚ್ಚೆ. ವೇಷದವು ಜಾಸ್ತಿಯಾದರೆ ಹಕ್ಕಿಗಳು ಈ ಬಣ್ಣಕ್ಕೆ ಹೆದರುವುದನ್ನೇ ಬಿಡುತ್ತವೆ. ಅಸಲಿ ಚಿಟ್ಟೆಗೂ ಕಷ್ಟ ಆಗ.

(ದೃಶ್ಯ: ರಾಯಚೂರು ಕಡೆಯ ತೊಗರಿ ಹೊಲ, ಹೂವಿನ ಮೇಲೆ ದುಂಬಿ)

ರೈತರಿಗೆ ಒಂದು ಮಾತು. ತೊಗರಿ ಹೂವು ತಿನ್ನುವ, ಕಪ್ಪು ಮೈಗೆ ಕೆಂಪು-ಕಿತ್ತಳೆ ಪಟ್ಟೆಯ ದುಂಬಿ ಇದೆಯಲ್ಲ, ಅದೂ ಮಿಡತೆಯ ಹಾಗೆ ಬಣ್ಣದಿಂದಲೇ ವಿಷದ ಎಚ್ಚರಿಕೆ ಕೊಡುತ್ತದೆ. ಅದರ ಮೈಯಲ್ಲಿ ಕ್ಯಾಂಥರಿಡಿನ್ ಅನ್ನೋ ವಿಷ ಇದೆ. ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಆರಿಸಿ ತೆಗೆಯುವಾಗ ಗ್ಲೌಸ್ ಹಾಕಿಕೊಳ್ಳಿ. ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ.